ತುಟಿಯ ಸುತ್ತ ಕೆಂಪು ಬಾಣ

“ಗುಬ್ಬೀ... ಏ ಗುಬ್ಬೀ... ಎಲ್ಲಿ ಹೋದ್ಯೇ? ಅನ್ನ ಆರಿ ಕಲ್ಲಾಯ್ತು, ಬಾರೇ!”

ಅಜ್ಜಿ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡಿದ್ದಳು. ಮನೆಯೇನು ಅರಮನೆಯಲ್ಲ. ಒಂದು ನಡುಮನೆ, ಒಂದು ಅಡುಗೆಮನೆ, ಎರಡು ಕೋಣೆ. ಕಣ್ಣು ಮುಚ್ಚಿಕೊಂಡು ನಡೆದರೂ ಮುಗಿದುಹೋಗುವಷ್ಟು ಜಾಗ. ಅಷ್ಟರಲ್ಲಿ ಎಂಟು ವರ್ಷದ ಮೊಮ್ಮಗಳು ಮಾಯವಾಗುವುದೆಂದರೇನು? ಬೆಳಿಗ್ಗೆ ಶಾಲೆಗೆ ಸಿದ್ಧಳಾದವಳು ಹೊಟ್ಟೆನೋವೆಂದು ಸನ್ನೆ ಮಾಡಿ ಉಳಿದುಕೊಂಡಿದ್ದಳು. ಚಪ್ಪಲಿ ಬಾಗಿಲ ಬಳಿಯೇ ಇತ್ತು, ಶಾಲೆಯ ಚೀಲ ಮೊಳೆಯಲ್ಲಿ ನೇತಾಡುತ್ತಿತ್ತು. ಅಜ್ಜಿ ತಾರಸಿ ಹತ್ತಿ ಇಳಿದಳು, ಪಕ್ಕದ ಮನೆಯವರ ಬಾಗಿಲು ಬಡಿದು ಬಂದಳು. ಕೊನೆಗೆ ನೀರಿನ ತೊಟ್ಟಿಯ ಮುಚ್ಚಳವನ್ನೂ ಎತ್ತಿ ಇಣುಕಿದಳು... ಸದ್ಯ, ಅಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ.

ಒಳಕೋಣೆಯ ಮೂಲೆಯಿಂದ ಸರಸರ ಸದ್ದು ಕೇಳಿದ್ದು ಆಗಲೇ. ಅಲ್ಲೊಂದು ದೊಡ್ಡ ರಟ್ಟಿನ ಪೆಟ್ಟಿಗೆಯಿತ್ತು. ಮಗ ಕೆಲಸ ಮಾಡುವ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಟ್ಟು ‘ರಿಜೆಕ್ಟ್’ ಆದ ಅಂಗಿಗಳನ್ನು ಮನೆಯಲ್ಲಿ ಹಾಕಿಕೊಳ್ಳಲೆಂದು ತಂದು ತುಂಬಿಡುತ್ತಿದ್ದ ಪೆಟ್ಟಿಗೆ ಅದು. ಬೆಕ್ಕು ಸೇರಿಕೊಂಡು ಮರಿ ಹಾಕಿದೆಯೇನೋ ಎಂದುಕೊಂಡು ಅಜ್ಜಿ ಒಂದು ಕೈಯಲ್ಲಿ ಪೊರಕೆ ಹಿಡಿದು, ಇನ್ನೊಂದು ಕೈಯಿಂದ ಮುಚ್ಚಳ ಸರಿಸಿದಳು.

ಪೊರಕೆ ಜಾರಿ ಬಿತ್ತು.

ಒಂದು ತೋಳು ಉದ್ದ, ಒಂದು ತೋಳು ಗಿಡ್ಡವಾದ ಅಂಗಿಗಳ ನಡುವೆ ಮೊಣಕಾಲು ತಬ್ಬಿಕೊಂಡು ಗುಬ್ಬಿ ಕೂತಿದ್ದಳು. ಮೈಮೇಲೆ ಶಾಲೆಯ ಬಟ್ಟೆ, ನೀಟಾಗಿ ಬಾಚಿದ ತಲೆ. ಅಳುತ್ತಿರಲಿಲ್ಲ. ಅತ್ತಿದ್ದರೆ ಅಜ್ಜಿಗೆ ಅಷ್ಟು ದಿಗಿಲಾಗುತ್ತಿರಲಿಲ್ಲ! ಮಗುವಿನ ಬಾಯಿಯ ಸುತ್ತ, ಮೇಲ್ದುಟಿಯ ಮೇಲೆ, ಗಲ್ಲದ ಮೇಲೆ, ಎರಡೂ ಕೆನ್ನೆಗಳ ಮೇಲೆ ಉಗುರಿನಷ್ಟಗಲದ ಕೆಂಪು ಬಾಣದ ಸ್ಟಿಕರುಗಳು ಅಂಟಿದ್ದವು. ಒಂದೊಂದು ಬಾಣದ ಮೊನೆಯೂ ಬಾಯಿಯತ್ತಲೇ ತಿರುಗಿತ್ತು.

“ಅಯ್ಯಯ್ಯೋ... ಏ ಸೊಸೆ! ಬಾರೇ ಇಲ್ಲಿ! ಮಗೂಗೇನಾಯ್ತು ನೋಡೇ!”

ಆ ಕೂಗಿಗೆ ಗುಬ್ಬಿಯ ತಾಯಿ ಕೈಯಲ್ಲಿ ಸೌಟು ಹಿಡಿದೇ ಓಡಿ ಬಂದಳು. ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಮೊದಲ ಗಳಿಗೆ ಅವಳಿಗೆ ನಗು ಬಂದಿತ್ತು... ಮಗಳು ಏನೋ ವೇಷ ಕಟ್ಟಿದ್ದಾಳೆ ಎಂದುಕೊಂಡಳು. ಆಮೇಲೆ ಆ ಕಣ್ಣು ನೋಡಿದಳು. ನಗು ಅಲ್ಲೇ ಸತ್ತುಹೋಯಿತು.

“ಏನು ಕಂದಾ ಇದು? ಯಾಕೆ ಇಲ್ಲಿ ಕೂತಿದ್ದೀಯ? ಬಾ ಚಿನ್ನ, ಎದ್ದು ಬಾ...” ಎನ್ನುತ್ತ ಬಾಣ ಕೀಳಲು ಕೈ ಚಾಚಿದಳು. ಗುಬ್ಬಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದಳು. ಬೇಡ. ಕೀಳಬೇಡ. ಸುತ್ತಲಿನ ಅಂಗಿಗಳನ್ನು ಕತ್ತಿನವರೆಗೆ ಎಳೆದುಕೊಂಡು ಇನ್ನೂ ಒಳಗೆ ಸರಿದಳು.

ಆ ತಾಯಿಗೆ ಎಲ್ಲ ಅರ್ಥವಾಗಿಹೋಯಿತು. ಗೋಡೆಗೊರಗಿ ಹಾಗೇ ಕುಸಿದು ಕೂತಳು.

ಈ ಬಾಣಗಳು ಆ ಮನೆಗೆ ಬಂದ ಬಗೆಯನ್ನು ಹೇಳಬೇಕು. ಗುಬ್ಬಿಯ ಅಪ್ಪ ಬಟ್ಟೆ ಕಾರ್ಖಾನೆಯಲ್ಲಿ ಚೆಕಿಂಗ್ ಮಾಸ್ಟರ್. ಸಾಲಾಗಿ ಕೂತ ಹೆಂಗಸರು ಹೊಲಿದ ಅಂಗಿಗಳೆಲ್ಲ ಕೊನೆಗೆ ಅವನ ಮೇಜಿಗೆ ಬರಬೇಕು. ಎಲ್ಲಿ ಹೊಲಿಗೆ ಸೊಟ್ಟಗಿದೆ, ಎಲ್ಲಿ ದಾರ ಸಡಿಲವಾಗಿದೆ, ಎಲ್ಲಿ ಗುಂಡಿ ಸರಿದಿದೆ ಎಂದು ಅವನು ಕಂಡುಹಿಡಿಯಬೇಕು. ಕಂಡಲ್ಲಿ ಒಂದು ಕೆಂಪು ಬಾಣ ಅಂಟಿಸಿ ವಾಪಸ್ ಕಳಿಸುತ್ತಾನೆ. ಹೊಲಿದವಳು ಅದನ್ನು ಬಿಚ್ಚಿ, ಸರಿಮಾಡಿ, ಬಾಣ ಕಿತ್ತು ಮತ್ತೆ ತರಬೇಕು. ಒಂದೇ ಅಂಗಿಗೆ ಬಾಣ ಜಾಸ್ತಿಯಾದರೆ ಅದು ರಿಜೆಕ್ಟ್, ನೇರ ಮೂಲೆಯ ರಟ್ಟಿನ ಪೆಟ್ಟಿಗೆಗೆ. ಬೇರೆ ಮಾಸ್ಟರುಗಳು ಕೂಗಾಡುತ್ತಾರೆ, ಅಂಗಿಯನ್ನು ಮುಖದ ಮೇಲೆ ಎಸೆಯುತ್ತಾರೆ. ಇವನು ಹಾಗಲ್ಲ. “ನಾನು ಇವತ್ತಿನವರೆಗೆ ಯಾರಿಗೂ ಒಂದು ಬಿರುಸು ಮಾತು ಆಡಿದವನಲ್ಲ” ಎಂದು ಎದೆ ತಟ್ಟಿ ಹೇಳುತ್ತಿದ್ದ. ಸುಳ್ಳೇನಲ್ಲ. ಬಿರುಸು ಮಾತನ್ನೂ ಆಡಿರಲಿಲ್ಲ, ಮೆತ್ತನೆಯ ಮಾತನ್ನೂ ಆಡಿರಲಿಲ್ಲ! ಹೆಂಗಸರು ಬೆನ್ನ ಹಿಂದೆ ಅವನನ್ನು ‘ಬಾಣದ ಮಾಸ್ಟರ್’ ಎನ್ನುತ್ತಿದ್ದರು.

ಮನೆಯಲ್ಲಿ ಅತ್ತೆ ಸೊಸೆ ಹಾವು ಮುಂಗುಸಿ. ಹಾಗೆಂದು ನೋಡಿದವರು ಹೇಳುತ್ತಿದ್ದರು, ಒಳಗಿನ ವಿಷಯ ಬೇರೆ. ಅತ್ತೆಯ ಬಾಯಿ ದೊಡ್ಡದು. ಸೊಸೆಯದೂ ಅದಕ್ಕೇನು ಕಡಿಮೆಯಿರಲಿಲ್ಲ. “ಪಾತ್ರೆ ತೊಳೆದಿದ್ದೀಯೋ, ಬರೀ ನೀರು ತೋರಿಸಿದ್ದೀಯೋ?” ಎಂದು ಇವಳು ಶುರುಮಾಡಿದರೆ, “ನಿಮ್ಮ ಕನ್ನಡಕ ತೊಳ್ಕೊಳ್ಳಿ ಅತ್ತೆ, ಪಾತ್ರೆ ಹೊಳೆಯುತ್ತೆ” ಎಂದು ಅವಳು. ಹತ್ತು ನಿಮಿಷ ಕಿತ್ತಾಡಿ ಹನ್ನೊಂದನೆಯ ನಿಮಿಷಕ್ಕೆ ಇಬ್ಬರೂ ಒಂದೇ ಲೋಟದ ಚಹಾವನ್ನು ಹಂಚಿಕೊಂಡು ಪಕ್ಕದ ಮನೆಯವರ ಸುದ್ದಿ ಆಡುತ್ತಿದ್ದರು. ಅದು ಜಗಳವಲ್ಲ, ಅವರಿಬ್ಬರ ಬಳಕೆ ಎಂಬುದು ಗುಬ್ಬಿಗೂ ಗೊತ್ತಿತ್ತು. ಮಾಸ್ಟರಿಗೆ ಮಾತ್ರ ಗೊತ್ತಿರಲಿಲ್ಲ. ಅವನ ಕಿವಿಗೆ ಸದ್ದು ಬೀಳುತ್ತಿತ್ತೇ ಹೊರತು ಅದರೊಳಗಿನ ಸಲಿಗೆ ಬೀಳುತ್ತಿರಲಿಲ್ಲ.

ಒಂದು ದಿನ ಅವನು ಬಾಣದ ಸುರುಳಿಯೊಂದನ್ನು ತಂದು ನಡುಮನೆಯ ಗೂಡಿನಲ್ಲಿಟ್ಟ. “ಇನ್ಮೇಲೆ ಯಾರೂ ಯಾರಿಗೂ ಏನೂ ಅನ್ನೋದು ಬೇಡ. ತಪ್ಪು ಕಂಡ ಕಡೆ ಒಂದು ಬಾಣ ಅಂಟಿಸಿ. ನೋಡಿದವರು ಸರಿಮಾಡಿ ಕಿತ್ತುಹಾಕಲಿ. ಮಾತು ಬೆಳ್ಳಿ, ಮೌನ ಬಂಗಾರ!” ಎಂದ. ಮೊದಮೊದಲು ಎಲ್ಲರಿಗೂ ಅದು ಆಟ. ಅಜ್ಜಿ ಮಗನ ಕೊಳೆ ಕಾಲ್ಚೀಲಕ್ಕೆ ಬಾಣ ಹೊಡೆದಳು. ಸೊಸೆ ಅತ್ತೆಯ ಗೊರಕೆಗೆಂದು ದಿಂಬಿಗೆ ಹೊಡೆದಳು. ನಕ್ಕರು. ಬರಬರುತ್ತ ನಗು ನಿಂತಿತು, ಬಾಣ ಉಳಿಯಿತು. ಸರಿಯಾಗಿ ಮಡಿಚದ ಹೊದಿಕೆಗೆ ಬಾಣ, ಕಲೆಯಾದ ಫ್ರಾಕಿಗೆ ಬಾಣ, ಉಪ್ಪು ಜಾಸ್ತಿಯಾದ ಸಾರಿನ ಪಾತ್ರೆಗೆ ಬಾಣ. ಮಾಸ್ಟರ್ ಊಟ ಮಾಡಿ, ಪಾತ್ರೆಯ ಹೊಟ್ಟೆಗೊಂದು ಬಾಣ ಮೆತ್ತಿ, ಕೈ ತೊಳೆದು ಎದ್ದುಹೋಗುತ್ತಿದ್ದ. “ಚೆನ್ನಾಗಿಲ್ಲ ಅಂತ ಬಾಯಿ ಬಿಟ್ಟು ಹೇಳಬಾರ್ದೇನ್ರೀ?” ಎಂದು ಹೆಂಡತಿ ಕೇಳಿದರೆ, “ಹೇಳಿದ್ರೆ ನಿನಗೆ ಬೇಜಾರಾಗಲ್ವಾ?” ಎನ್ನುತ್ತಿದ್ದ.

ಗುಬ್ಬಿಗೆ ಮಾತು ಉಗ್ಗುತ್ತಿತ್ತು. ಮೊದಲ ಅಕ್ಷರ ಬಾಯಿಯ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅಜ್ಜಿ ಇದ್ದಬದ್ದವರನ್ನೆಲ್ಲ ಬೈಯುವವಳು, ಮೊಮ್ಮಗಳ ಮಾತಿನ ಮುಂದೆ ಮಾತ್ರ ಬೆಣ್ಣೆ. ಎದುರಿಗೆ ಕಾಲು ಮಡಿಚಿ ಕೂತು, ಗಲ್ಲಕ್ಕೆ ಕೈಕೊಟ್ಟು, “ನಿಧಾನಕ್ಕೆ ಹೇಳೇ, ನನಗೇನು ಬಸ್ಸು ಹೋಗ್ತಿದೆಯಾ?” ಎನ್ನುತ್ತಿದ್ದಳು. ಅಷ್ಟು ಹೇಳಿದರೆ ಸಾಕು, ಗುಬ್ಬಿ ನಕ್ಕು, ಉಗ್ಗುತ್ತ ಉಗ್ಗುತ್ತಲೇ ಇಡೀ ಶಾಲೆಯ ಸುದ್ದಿಯನ್ನು ಒಪ್ಪಿಸಿಬಿಡುತ್ತಿದ್ದಳು.

ಈ ದಿನ ಶಾಲೆಯಲ್ಲಿ ಎಲ್ಲರೆದುರು ಪದ್ಯ ಹೇಳುವುದಿತ್ತು. ಹಿಂದಿನ ಸಂಜೆ ಅವಳು ಪದ್ಯದ ಹಾಳೆ ಹಿಡಿದು ಅಪ್ಪನ ಮುಂದೆ ನಿಂತಿದ್ದಳು. ಅಪ್ಪನೂ ಟೀವಿ ಆರಿಸಿ, ಹಾಳೆ ಇಸಿದುಕೊಂಡು, ಗಂಭೀರವಾಗಿ ಕೂತ. ಪ್ರೀತಿಯಿಲ್ಲದೆ ಅಲ್ಲ... ಅಯ್ಯೋ, ಪ್ರೀತಿಯಿಂದಲೇ! ಮಗಳು ಉಗ್ಗಿದ ಕಡೆಯೆಲ್ಲ, ಆ ಅಕ್ಷರದ ಪಕ್ಕದಲ್ಲಿ ಒಂದೊಂದು ಬಾಣ ಅಂಟಿಸುತ್ತ ಹೋದ. ಗದರಲಿಲ್ಲ, ಮುಖ ಸಿಂಡರಿಸಲಿಲ್ಲ. ಪದ್ಯ ಮುಗಿಯುವಷ್ಟರಲ್ಲಿ ಹಾಳೆಯಲ್ಲಿ ಅಕ್ಷರಕ್ಕಿಂತ ಬಾಣವೇ ಹೆಚ್ಚಾಗಿತ್ತು. “ಇಷ್ಟು ಕಡೆ ಸರಿಮಾಡ್ಕೊಂಡ್ರೆ ಸಾಕು, ಆಯ್ತಾ?” ಎಂದು ಹಾಳೆಯನ್ನು ಕೈಗಿತ್ತು ಟೀವಿ ಹಚ್ಚಿದ. ಗುಬ್ಬಿ ಆ ಹಾಳೆಯನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದಳು.

ಅದೇ ಈಗ ಆ ತಾಯಿಯ ಕಣ್ಣ ಮುಂದೆ ಬಂದದ್ದು. ಅದರ ಜೊತೆಗೆ ಇನ್ನೊಂದು. ಗಂಡ ತನ್ನನ್ನೂ ಮಗಳನ್ನೂ ಕಾರ್ಖಾನೆ ತೋರಿಸಲು ಕರೆದೊಯ್ದ ದಿನ, “ಅಪ್ಪಾ, ತು... ತುಂಬಾ ಬಾಣ ಇರೋ ಅಂಗೀನ ಏನ್ ಮಾಡ್ತೀರ?” ಎಂದು ಅವಳು ಕೇಳಿದ್ದಳು. “ಅದನ್ನ ಬೇರೆ ಎತ್ತಿಡ್ತೀವಿ. ಹೊರಗಡೆ ಕಳಿಸಲ್ಲ. ಜನ ನೋಡಿದ್ರೆ ನಮ್ಮ ಹೆಸರು ಕೆಡುತ್ತಲ್ಲ” ಎಂದಿದ್ದ ಅವನು, ಹೆಮ್ಮೆಯಿಂದ.

ಮಗು ಅಪ್ಪನಿಗೆ ಕೆಲಸ ಕೊಡದೆ ತನ್ನನ್ನು ತಾನೇ ಬೇರೆ ಎತ್ತಿಟ್ಟುಕೊಂಡಿತ್ತು!

ಆ ತಾಯಿ ಗಂಡನಿಗೆ ಫೋನ್ ಹಚ್ಚಿದಳು.

“ರೀ... ಬೇಗ ಬನ್ರೀ... ಗುಬ್ಬಿ... ನಮ್ಮ ಗುಬ್ಬಿ...”

“ಏನಾಯ್ತು? ಬಿದ್ದಳಾ? ರಕ್ತ ಬಂತಾ?”

“ಇಲ್ಲ...”

“ಜ್ವರಾನಾ?”

“ಅಲ್ಲ ಕಣ್ರೀ... ಅವಳು ಪೆಟ್ಟಿಗೆ ಒಳಗೆ ಕೂತ್ಕೊಂಡು...”

“ಗಾಯ ಇಲ್ಲ, ಜ್ವರ ಇಲ್ಲ ಅಂದ್ಮೇಲೆ ಅಳೋದ್ಯಾಕೆ? ಆಟ ಆಡ್ತಿರ್ತಾಳೆ. ಕೈಲಿರೋ ಬ್ಯಾಚ್ ಮುಗಿಸಿ ಬರ್ತೀನಿ.”

ಫೋನ್ ಇಟ್ಟ. ಅವನ ಮೇಜಿನ ಮೇಲೆ ಆ ಹೊತ್ತು ಕಾಲರ್ ಅಕ್ಕ ಹೊಲಿದ ಅಂಗಿಗಳ ಕಟ್ಟು ಬಿಚ್ಚಿಕೊಂಡು ಬಿದ್ದಿತ್ತು. ಅಂಗಿಗೆ ಕಾಲರ್ ಕೂರಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ; ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಕಾಲರ್ ಅಕ್ಕ. ತಾಯಿ ತೀರಿಕೊಂಡು, ರಜೆ ಹಾಕಿ, ಅವತ್ತೇ ಬೆಳಿಗ್ಗೆ ಕೆಲಸಕ್ಕೆ ಮರಳಿದ್ದಳು. ಆದರೆ ಅವತ್ತಿನ ಕಾಲರುಗಳೆಲ್ಲ ಕುಡಿದವರಂತೆ ಓಲಾಡುತ್ತಿದ್ದವು. ಮಾಸ್ಟರ್ ಒಂದೊಂದಕ್ಕೂ ಬಾಣ ಅಂಟಿಸಿ, ಕಟ್ಟನ್ನು ಎತ್ತಿಕೊಂಡು ಹೋಗಿ, ಅವಳ ಮಿಷನ್ನಿನ ಪಕ್ಕದಲ್ಲಿ ಇಟ್ಟ. ಸದ್ದಾಗದಂತೆ ಮೆತ್ತಗೆ ಇಟ್ಟ.

ಕಾಲರ್ ಅಕ್ಕ ಕಟ್ಟು ನೋಡಿದಳು, ಅವನನ್ನು ನೋಡಿದಳು.

“ಮಾಸ್ಟರ್... ನಾನು ಇಷ್ಟು ದಿನ ಯಾಕೆ ಬಂದಿರಲಿಲ್ಲ, ಗೊತ್ತಾ ನಿಮಗೆ?”

“ಗೊತ್ತಲ್ಲಮ್ಮ. ನಿಮ್ಮ ತಾಯಿ ತೀರಿಕೊಂಡ್ರು. ಹಾಜರಿಯಲ್ಲಿ ರಜೆ ಅಂತ ನಾನೇ ಹಾಕಿದ್ದೀನಿ.”

“ಅಷ್ಟೇನಾ?”

ಮಾಸ್ಟರ್ ಯೋಚಿಸಿದ. ಬೇರೇನಾದರೂ ಮರೆತೆನೇ ಎಂದು ನಿಜವಾಗಿಯೂ ಯೋಚಿಸಿದ. “ಅಷ್ಟೇ ಅಲ್ವಾ?” ಎಂದ.

ಅವಳು ಕತ್ತರಿಯನ್ನು ಕೆಳಗಿಟ್ಟಳು. “ಒಂದ್ಸಲ ಬಾಯಿಬಿಟ್ಟು ಬೈದುಬಿಡಿ ಮಾಸ್ಟರ್! ‘ಎಲ್ಲಿಟ್ಟಿದ್ದೀಯ ನಿನ್ನ ಬುದ್ಧೀನ’ ಅಂತ ಕೇಳಿ! ಆಗ ‘ಅಮ್ಮನ ಹತ್ರ ಇಟ್ಟಿದ್ದೀನಿ’ ಅಂತಾದ್ರೂ ಹೇಳ್ಕೊಂಡು ಅಳ್ತೀನಿ! ಈ ಸ್ಟಿಕರ್ ಹತ್ರ ಏನಂತ ಹೇಳ್ಲಿ ನಾನು?” ಎಂದವಳೇ ಚೀಲ ತೆಗೆದುಕೊಂಡು ಹೊರಟುಹೋದಳು.

ಮಿಷನ್ನುಗಳ ಸದ್ದು ಒಮ್ಮೆಲೇ ನಿಂತಿತು. ಕರೆಂಟು ಹೋಯಿತೇನೋ ಎಂದು ಮಾಸ್ಟರ್ ತಲೆಯೆತ್ತಿ ನೋಡಿದ. ದೀಪಗಳೆಲ್ಲ ಉರಿಯುತ್ತಿದ್ದವು. ಹೆಂಗಸರು ಪೆಡಲಿನಿಂದ ಕಾಲು ತೆಗೆದು ಅವನನ್ನೇ ನೋಡುತ್ತಿದ್ದರು.

ಅವನು ಮನೆಗೆ ಬಂದಾಗ ಗುಬ್ಬಿ ಇನ್ನೂ ಪೆಟ್ಟಿಗೆಯಲ್ಲೇ ಇದ್ದಳು. ಒಂದು ಪಕ್ಕದಲ್ಲಿ ಅಜ್ಜಿ, ಇನ್ನೊಂದು ಪಕ್ಕದಲ್ಲಿ ತಾಯಿ ನೆಲದ ಮೇಲೆ ಕೂತಿದ್ದರು. ಮಗುವಿನ ಬಾಯಿಗೆ ಒಂದು ತುತ್ತೂ ಬಿದ್ದಿರಲಿಲ್ಲ. ಅಪ್ಪನನ್ನು ನೋಡಿದ್ದೇ ಗುಬ್ಬಿ ಗಲ್ಲ ಎತ್ತಿ ಮುಖ ತೋರಿಸಿದಳು... ಹೊಲಿದವಳು ಅಂಗಿಯನ್ನು ಮೇಜಿನ ಮೇಲೆ ಹರಡಿ ತೋರಿಸುತ್ತಾಳಲ್ಲ, ಹಾಗೆ. ಸರಿಯಾಗಿ ಗುರುತು ಮಾಡಿದ್ದೇನೆಯೇ ಅಪ್ಪಾ ಎಂದು ಆ ಕಣ್ಣು ಕೇಳುತ್ತಿತ್ತು.

ಆ ಕ್ಷಣ ಹೆತ್ತ ತಂದೆ ಏನು ಮಾಡಬೇಕು? ಎತ್ತಿ ಎದೆಗವಚಿಕೊಳ್ಳಬೇಕು, ಇಲ್ಲ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು. ಅವನು ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಮಗಳ ಕೆನ್ನೆಯನ್ನು ಹತ್ತಿರದಿಂದ ಪರೀಕ್ಷಿಸಿದ.

“ಈ ಗೋಂದು ಚರ್ಮಕ್ಕೆ ಒಳ್ಳೇದಲ್ಲ. ಬಿಸಿನೀರಲ್ಲಿ ನೆನೆಸಿ ನಿಧಾನಕ್ಕೆ ತೆಗೀರಿ, ಕಲೆ ಉಳಿಯಲ್ಲ” ಎಂದ.

ಛಟೀರ್!

ಹೊಡೆದದ್ದು ಅಜ್ಜಿ. ಜೀವಮಾನದಲ್ಲಿ ಮಗನನ್ನು ಬಾಯಿತುಂಬ ಬೈದಿದ್ದಳೇ ಹೊರತು ಒಂದು ದಿನ ಕೈ ಮಾಡಿದವಳಲ್ಲ. ಹೊಡೆದ ಕೈಯನ್ನು ತಾನೇ ನೋಡಿಕೊಂಡು ನಿಂತಳು. ಮಾಸ್ಟರ್ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಬೆಪ್ಪಾದ.

“ನಾನೇನಂದೆ? ಒಂದು ಕೆಟ್ಟ ಮಾತು ಅಂದ್ನಾ ಅಮ್ಮ? ಏನಾಗಿದೆ ಹೇಳಿ, ಸರಿ ಮಾಡೋಣ! ಒಳ್ಳೆ ಡಾಕ್ಟರಿಗೆ ತೋರಿಸ್ತೀನಿ, ಮಾತು ಕಲಿಸೋರ ಹತ್ರ ಕಳಿಸ್ತೀನಿ...”

“ಸರಿ ಮಾಡಕ್ಕೆ ಅವಳೇನು ಶರ್ಟೇನ್ರೀ?” ಹೆಂಡತಿ ಚೀರಿದಳು. ಅಷ್ಟು ದಿನ ಬಾಣಗಳ ಹಿಂದೆ ಅಡಗಿದ್ದ ಮಾತೆಲ್ಲ ಒಡ್ಡು ಒಡೆದು ಬಂತು. “ಮದುವೆಯಾಗಿ ಇಷ್ಟು ವರ್ಷ ಆಯ್ತು, ಒಂದು ದಿನ ನನ್ನ ಮುಖ ನೋಡಿ ‘ಯಾಕೆ ಸಪ್ಪಗಿದ್ದೀಯ’ ಅಂತ ಕೇಳಿದ್ದೀರಾ? ನಾನು ಅತ್ರೆ ನಿಮಗೆ ಮೂಗು ಸುರಿಯೋದು ಕಾಣುತ್ತೆ, ಕರವಸ್ತ್ರ ಕೊಡ್ತೀರ! ಹೋಗ್ಲಿ, ನಾನು ದೊಡ್ಡವಳು, ತಡ್ಕೊಂಡೆ. ನಾನೂ ಸೇರ್ಕೊಂಡು ಈ ಹಾಳು ಬಾಣ ಹೊಡೆದೆ, ಆ ಪಾಪ ನನಗೂ ಇದೆ... ಆದ್ರೆ ಇನ್ನು ಒಂದು ಗಳಿಗೆ ಈ ಮಗೂನ ನಿಮ್ಮ ಮೇಜಿನ ಮುಂದೆ ನಿಲ್ಲಿಸಲ್ಲ. ನಮ್ಮಣ್ಣನ ಮನೆಗೆ ಹೋಗ್ತೀನಿ. ಇವಳು ಬಾಯಿ ಬಿಟ್ಟು ಮಾತಾಡೋವರೆಗೂ ಆ ಕಡೆ ತಲೆ ಹಾಕ್ಬೇಡಿ!”

ಅವಳು ಬಟ್ಟೆ ತುಂಬಿಕೊಂಡಳು. ಗುಬ್ಬಿಯನ್ನು ಅಂಗಿಗಳ ಸಮೇತ ಎತ್ತಿಕೊಂಡಳು. ಮಾಸ್ಟರಿಗೆ ಇನ್ನೂ ದೊಡ್ಡ ಆಘಾತ ಕಾದಿತ್ತು. ತಾಯಿಯೂ ತನ್ನ ಚೀಲ ಹಿಡಿದು ಬಾಗಿಲಿಗೆ ಬಂದಿದ್ದಳು!

“ಅಮ್ಮ, ನೀನೆಲ್ಲಿಗೆ?”

“ಸೊಸೆ ತವರಿಗೆ ಅತ್ತೆ ಹೋಗ್ಬಾರ್ದು ಅಂತ ಎಲ್ಲಾದ್ರೂ ಬರೆದಿದೆಯೇನೋ? ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಮಾತೇ ಬರ್ದೇ ಇರೋನಿಗೂ ಜಗಳ ಇಲ್ಲ ಕಣೋ... ಮನೆಯಲ್ಲಿ ಜನ ಇದ್ರೆ ತಾನೇ ಜಗಳ! ಇರು, ನೆಮ್ಮದಿಯಾಗಿ ಇರು.”

ಬಾಗಿಲು ಮುಚ್ಚಿತು.

ಆಮೇಲಿನ ದಿನಗಳಲ್ಲಿ ಮನೆ ಅವನು ಬಯಸಿದ ಹಾಗೆಯೇ ಇತ್ತು. ಹೊದಿಕೆ ಮಡಿಚಿದಲ್ಲೇ ಇರುತ್ತಿತ್ತು. ಪಾತ್ರೆಗಳು ಕವುಚಿಟ್ಟಲ್ಲೇ ಹೊಳೆಯುತ್ತಿದ್ದವು. ಚಪ್ಪಲಿಗಳು ಒಂದರ ಮೇಲೊಂದು ಬೀಳುತ್ತಿರಲಿಲ್ಲ, ಬೀಳಲು ಒಂದೇ ಜೊತೆಯಿತ್ತು. ಒಂದು ಸಂಜೆ ಅಭ್ಯಾಸಬಲದಿಂದ ಬಾಣದ ಸುರುಳಿ ಹಿಡಿದು ಮನೆಯೆಲ್ಲ ಸುತ್ತಿದ. ಎಲ್ಲಿಯೂ ಒಂದು ತಪ್ಪಿಲ್ಲ! ಅಂಟಿಸಲು ಒಂದು ಜಾಗವಿಲ್ಲ! ಸುರುಳಿ ಹಿಡಿದು ನಡುಮನೆಯಲ್ಲಿ ನಿಂತುಬಿಟ್ಟ. ತಾನು ಇಷ್ಟು ದಿನ ಗುರುತು ಹಾಕಿದ್ದು ತಪ್ಪುಗಳಿಗಲ್ಲ, ಮನೆಯಲ್ಲಿ ಜನ ಇದ್ದ ಗುರುತುಗಳಿಗೆ ಎಂಬುದು ಹೊಳೆದು, ಬೆಚ್ಚಿಬಿದ್ದ. ಆ ಸಂಜೆ ಅವನು ಊಟ ಮಾಡಲಿಲ್ಲ.

ದಿನವೂ ಫೋನ್ ಮಾಡುತ್ತಿದ್ದ. ಎತ್ತುತ್ತಿದ್ದದ್ದು ತಾಯಿ.

“ಗುಬ್ಬಿ ಮಾತಾಡಿದ್ಲಾ ಅಮ್ಮ?”

“ಇಲ್ಲ.”

“ಡಾಕ್ಟರ್ ಏನಂದ್ರು?”

“ನಾಲಿಗೆ ಚೆನ್ನಾಗಿದೆ, ಗಂಟಲು ಚೆನ್ನಾಗಿದೆ ಅಂದ್ರು. ಅವಳಿಗೆ ಮಾತಾಡ್ಬೇಕು ಅನ್ನಿಸ್ಬೇಕಂತೆ.” ಅಷ್ಟು ಹೇಳಿ ಅವಳು ಇಟ್ಟುಬಿಡುತ್ತಿದ್ದಳು. ಜೀವಮಾನವಿಡೀ ಬಾಯಿ ಮುಚ್ಚದ ತಾಯಿ ಈಗ ಎರಡೇ ಮಾತಾಡುವುದು ಕೇಳಿ ಅವನಿಗೆ ಭಯವಾಗುತ್ತಿತ್ತು.

ಕಾರ್ಖಾನೆಯಲ್ಲೂ ಕಾಲರ್ ಅಕ್ಕನ ಮಿಷನ್ ಖಾಲಿಯೇ ಇತ್ತು. ಒಂದು ರಜೆಯ ದಿನ, ಯಾಕೆಂದು ತನಗೇ ಗೊತ್ತಿಲ್ಲದೆ, ಅವನು ವಿಳಾಸ ಕೇಳಿಕೊಂಡು ಅವಳ ಮನೆ ಹುಡುಕಿ ಹೋದ. ಕಿರಿದಾದ ಓಣಿ, ನೀಲಿ ಬಾಗಿಲು. ಅವನನ್ನು ನೋಡಿ ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

“ಏನು ಮಾಸ್ಟರ್, ಮನೆಗೂ ಬಾಣ ತಂದಿದ್ದೀರಾ?”

“ಇಲ್ಲಮ್ಮ... ಏನು ಹೇಳ್ಬೇಕು ಅಂತ ಬಂದೆ... ಗೊತ್ತಾಗ್ತಿಲ್ಲ.”

“ಗೊತ್ತಾಗೋವರೆಗೆ ಒಳಗೆ ಕೂತ್ಕೊಳ್ಳಿ” ಎಂದು ಅವಳು ಕುರ್ಚಿ ಎಳೆದಳು. ಚಹಾ ತಂದಿಟ್ಟಳು. ಕಪ್ಪಿನ ಹಿಡಿ ಮುರಿದಿತ್ತು. ಅವನ ಬೆರಳು ತಾನಾಗಿಯೇ ಜೇಬಿನತ್ತ ಹೋಯಿತು. ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ತೊಡೆಯ ಮೇಲೆ ಕೂರಿಸಿಕೊಂಡ. ಎದುರಿನ ಗೋಡೆಯಲ್ಲಿ ಮುದುಕಿಯೊಬ್ಬಳ ಚಿತ್ರವಿತ್ತು. ಚಿತ್ರ ಸ್ವಲ್ಪ ವಾಲಿತ್ತು. ಅದನ್ನು ಹೇಳಬಾರದು, ಹೇಳಬಾರದು ಎಂದು ಹಲ್ಲು ಕಚ್ಚಿ ಕೂತವನ ಬಾಯಿಂದ, ಬೇರೇನೂ ತೋಚದೆ, ಒಂದು ಪ್ರಶ್ನೆ ಹೊರಬಿತ್ತು.

“ನಿಮ್ಮ ತಾಯಿ... ಹೇಗಿದ್ರು?”

ಕಾಲರ್ ಅಕ್ಕನ ಮುಖ ಒಡೆದುಹೋಯಿತು. ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಮಾಸ್ಟರ್ ಗಾಬರಿಯಿಂದ ಎದ್ದು ನಿಂತ. “ತಪ್ಪು ಕೇಳಿದ್ನಾ? ಬೇಡ ಬಿಡಿ, ನಾನು ಹೊರಡ್ತೀನಿ...”

“ಕೂತ್ಕೊಳ್ಳಿ ಮಾಸ್ಟರ್... ಎಷ್ಟೋ ಜನ ಬಂದು ಹೋದ್ರು. ಎಲ್ಲರೂ ‘ಹೇಗೆ ಸತ್ರು’ ಅಂತ ಕೇಳಿದ್ರು. ‘ಹೇಗಿದ್ರು’ ಅಂತ ನೀವೊಬ್ರೇ ಕೇಳಿದ್ದು.”

ಆಮೇಲೆ ಅವಳು ಹೇಳುತ್ತ ಹೋದಳು. ಕಣ್ಣು ಕಾಣದಂತಾದ ಮೇಲೂ ತಾಯಿ ಹೊಸ ಅಂಗಿ ಮುಟ್ಟಿ ನೋಡಿ ‘ಇದು ನೀನು ಹೊಲಿದದ್ದು’ ಎನ್ನುತ್ತಿದ್ದದ್ದು, ಮಗಳು ಕೆಲಸದಿಂದ ಬರುವ ಹೊತ್ತಿಗೆ ಬಾಗಿಲಲ್ಲಿ ಕೂತು ಹೆಜ್ಜೆ ಸದ್ದು ಕಾಯುತ್ತಿದ್ದದ್ದು, ಕೊನೆಕೊನೆಗೆ ಮಗಳನ್ನೇ ‘ಅಮ್ಮಾ’ ಎಂದು ಕರೆದದ್ದು. ಮಾಸ್ಟರ್ ಏನನ್ನೂ ಸರಿಮಾಡಲಿಲ್ಲ. ಸರಿಮಾಡಲು ಅದರಲ್ಲಿ ಏನೂ ಇರಲಿಲ್ಲ. ಚಹಾ ಆರಿಹೋಯಿತು. ಹೊರಡುವಾಗ ಅವನು ಬಾಗಿಲ ಬಳಿ ನಿಂತು ತಾನಾಗಿಯೇ ಹೇಳಿದ.

“ನನ್ನ ಮಗಳು ಮಾತು ಬಿಟ್ಟಿದ್ದಾಳಮ್ಮ. ನನ್ನಿಂದ.”

“ಅವಳನ್ನ ಏನು ಕೇಳಿದ್ರಿ?”

ಅವನು ಬಾಯಿ ತೆರೆದ. ಡಾಕ್ಟರನ್ನು ಕೇಳಿದ್ದ, ತಾಯಿಯನ್ನು ಕೇಳಿದ್ದ... “ಅವಳನ್ನ ಏನೂ ಕೇಳೇ ಇಲ್ಲ” ಎಂದ. ಆ ಮಾತು ಕೇಳಿ ಅವನೇ ಬೆಚ್ಚಿದ.

ಅಲ್ಲಿಂದ ಸೀದಾ ಭಾವಮೈದುನನ ಊರಿನ ಬಸ್ಸು ಹತ್ತಿದ. ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ತುಟಿಯಾಡಿಸುತ್ತಿದ್ದ. ಮೊದಲು ಇದನ್ನು ಹೇಳಬೇಕು, ಆಮೇಲೆ ಇದು, ಕೊನೆಗೆ ಇದು. ಒಂದೂ ತಪ್ಪಿಲ್ಲದ ಹಾಗೆ ಮಾತನ್ನೆಲ್ಲ ಜೋಡಿಸಿಕೊಂಡಿದ್ದ. ಪಕ್ಕದಲ್ಲಿದ್ದವರು ಪಾಪ, ತಲೆ ಕೆಟ್ಟಿರಬೇಕೆಂದು ಬೇರೆ ಸೀಟಿಗೆ ಹೋದರು.

ಆ ಮನೆಯ ಬಾಗಿಲಲ್ಲಿ ಅವನನ್ನು ಕಂಡು ಅಜ್ಜಿ ಸೊಂಟಕ್ಕೆ ಕೈಯಿಟ್ಟು ನಿಂತಳು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ಅಲ್ಲೇ ಉಳಿದಳು, ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ನಡುಮನೆಯ ಚಾಪೆಯ ಮೇಲೆ ಗುಬ್ಬಿ ಕೂತಿದ್ದಳು. ಮುಖದಲ್ಲಿ ಬಾಣಗಳಿರಲಿಲ್ಲ. ಒಂದು ಬಾಣದ ಗೋಂದು ಕೆನ್ನೆಯಲ್ಲಿ ಇನ್ನೂ ಕೆಂಪಗೆ ಗುರುತು ಉಳಿಸಿತ್ತು. ಅಪ್ಪನನ್ನು ನೋಡಿದ್ದೇ ಅವಳ ಕೈ ಬಾಯಿಯ ಮೇಲೆ ಹೋಯಿತು.

ಅವನು ಚಪ್ಪಲಿ ಬಿಟ್ಟು, ಒಳಗೆ ಬಂದು, ಮಗಳೆದುರು ನೆಲದ ಮೇಲೆ ಕೂತ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ಆ ಪುಟ್ಟ ಕೈ ನೋಡುತ್ತಿದ್ದಂತೆ ಎಲ್ಲಿ ಹೋದವೋ!

“ನಾ... ನಾನು... ಪುಟ್ಟಾ, ಅವತ್ತು... ಆ ಪ... ಆ ಪದ್ಯ... ನಾ...”

ನಾಲಿಗೆ ಮುಂದಕ್ಕೆ ಹೋಗಲಿಲ್ಲ. ತುಟಿ ಅದುರುತ್ತಿತ್ತು, ಕಣ್ಣಲ್ಲಿ ನೀರು ಧಾರಾಕಾರ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಕಲ್ಲಾಗಿ ನಿಂತಿದ್ದಳು. ಸೂಜಿಯ ಮೊನೆಯಷ್ಟು ತಪ್ಪನ್ನೂ ಬಿಡದ ಮನುಷ್ಯ, ಒಂದು ಅಕ್ಷರ ದಾಟಲಾರದೆ ಮಗುವಿನಂತೆ ಒದ್ದಾಡುತ್ತಿದ್ದಾನೆ! ಅಜ್ಜಿಗೂ ತಡೆಯಲಾಗಲಿಲ್ಲ, ಮಗನ ಮಾತನ್ನು ತಾನೇ ಮುಗಿಸಲು ಬಾಯಿ ತೆರೆದಳು.

ಗುಬ್ಬಿ ಅಜ್ಜಿಯ ಕಡೆ ಕೈ ಎತ್ತಿದಳು, ಸುಮ್ಮನಿರು ಎಂಬಂತೆ. ಬಾಯಿಯ ಮೇಲಿದ್ದ ಕೈಯನ್ನೇ ಎತ್ತಿದ್ದಳು! ಮೆಲ್ಲಗೆ ಅಪ್ಪನ ಹತ್ತಿರ ಸರಿದಳು. ಅಜ್ಜಿ ಕೂರುವ ಹಾಗೆಯೇ ಕಾಲು ಮಡಿಚಿ ಕೂತು, ಗಲ್ಲಕ್ಕೆ ಕೈಕೊಟ್ಟುಕೊಂಡಳು.

“ನಿ... ನಿ... ನಿಧಾನಕ್ಕೆ ಹೇಳಪ್ಪ” ಎಂದಳು. “ನನಗೇನು ಬ... ಬ... ಬಸ್ಸು ಹೋಗ್ತಿದೆಯಾ?”

ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೆಂಡತಿ ಒಳಗೆ ಹೋಗಿ ಒಲೆ ಆರಿಸಿ ಬಂದು, ಚಾಪೆಯ ಅಂಚಿನಲ್ಲಿ, ಅವನಿಂದ ತುಸು ದೂರದಲ್ಲೇ ಕೂತಳು. ಅವನು ಅಳು ನಿಲ್ಲುವವರೆಗೆ ಅತ್ತ. ಗುಬ್ಬಿ ಗಲ್ಲದ ಮೇಲಿನ ಕೈ ತೆಗೆಯದೆ ಕಾಯುತ್ತಿದ್ದಳು.

ಆಮೇಲೆ ಅವನು ಉಗ್ಗುತ್ತ ಉಗ್ಗುತ್ತ, ಮೊದಲಿನಿಂದ ಶುರುಮಾಡಿದ.